ಬಿದರಿ ಪಾತ್ರೆಗಳು ಮತ್ತು ಎನಾಮೆಲ್ ವಸ್ತುಗಳು: ಗುರುತು, ರಕ್ಷಣೆ ಹಾಗೂ ಕಾನೂನಿನ ಕುರಿತು ಸಾರ್ವಜನಿಕರಿಗೆ ಮಾಹಿತಿ

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ ಭಾಗಗಳ ಹಳೆಯ ವಾಡೆಗಳಲ್ಲಿ, ಮಠಗಳಲ್ಲಿ, ದರ್ಗಾಗಳಲ್ಲಿ ಹಾಗೂ ಸಾಮಾನ್ಯ ಕುಟುಂಬಗಳ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ತಲೆಮಾರುಗಳಿಂದ ಬಂದ ಲೋಹದ ವಸ್ತುಗಳು ಇರುವುದುಂಟು. ತಾಮ್ರದ ಹಂಡೆ, ಹಿತ್ತಾಳೆಯ ಸಮೆ, ಕಂಚಿನ ತಾಟುಗಳ ಗುರುತು ಎಲ್ಲರಿಗೂ ಸುಲಭ. ಆದರೆ ಮೈಯೆಲ್ಲ ಕಪ್ಪಾಗಿದ್ದು, ಆ ಕಪ್ಪಿನೊಳಗೆ ಬಿಳಿಯ ಬಳ್ಳಿ, ಹೂವು, ನಕ್ಷತ್ರಗಳ ಗೆರೆಗಳು ಹೊಳೆಯುವ ಹುಕ್ಕಾ ಬುಡ, ಪಾನದಾನ ಅಥವಾ ಹೂಜಿ ದೊರೆತಾಗ ಅದನ್ನು ಏನೆಂದು ಕರೆಯಬೇಕೆಂಬ ಗೊಂದಲ ಉಂಟಾಗುತ್ತದೆ. ಕೆಲವರು ಅದನ್ನು ಬಣ್ಣ ಹಚ್ಚಿದ ಪಾತ್ರೆ ಎನ್ನುತ್ತಾರೆ. ಕೆಲವರು ಎನಾಮೆಲ್ ಅಥವಾ ಮೀನಾ ಕೆಲಸ ಎನ್ನುತ್ತಾರೆ. ಅದು ಎರಡೂ ಅಲ್ಲ. ಅದು ಬೀದರ್‌ನ ಹೆಸರಿನಿಂದ ಪ್ರಸಿದ್ಧವಾಗಿರುವ ಬಿದರಿ ಕೆಲಸ. ಅದರ ಕಪ್ಪು ಬಣ್ಣವು ಹೊರಗಿನಿಂದ ಹಚ್ಚಿದ್ದಲ್ಲ, ಲೋಹದ ಮೈಯಿಂದಲೇ ಹುಟ್ಟಿದ್ದು.

ಈ ಒಂದು ವ್ಯತ್ಯಾಸವನ್ನು ತಿಳಿಯದಿರುವುದರಿಂದ ಎರಡು ರೀತಿಯ ನಷ್ಟ ಉಂಟಾಗುತ್ತದೆ. ಮೊದಲನೆಯದಾಗಿ, ಹುಣಸೆಹಣ್ಣು ಹಾಕಿ ಬೆಳಗಿದ ಒಂದೇ ದಿನದಲ್ಲಿ ಮುನ್ನೂರು ವರ್ಷದ ವಸ್ತು ಹಾಳಾಗಬಲ್ಲದು. ಎರಡನೆಯದಾಗಿ, ಪುರಾವಸ್ತುವಿನ ಪ್ರಮಾಣಪತ್ರಕ್ಕಾಗಿ ಸಲ್ಲಿಸುವ ಅರ್ಜಿಯಲ್ಲಿ ತಪ್ಪು ವಿವರಣೆ ನಮೂದಾಗಿ, ತೊಂದರೆ ಮತ್ತು ವಿಳಂಬಗಳಿಗೆ ಕಾರಣವಾಗುತ್ತದೆ. ಆದುದರಿಂದ ಈ ಎರಡು ಬಗೆಯ ಅಲಂಕರಣಗಳ ಸ್ವರೂಪವನ್ನು ಮೊದಲು ವಿವರಿಸಿ, ತರುವಾಯ ರಕ್ಷಣೆ ಮತ್ತು ಕಾನೂನಿನ ವಿಷಯಗಳನ್ನು ಇಲ್ಲಿ ನೀಡಲಾಗಿದೆ.

ಎನಾಮೆಲ್ ಎಂದರೇನು

ಎನಾಮೆಲ್ ಎಂಬುದು ಗಾಜು. ಬಣ್ಣದ ಗಾಜನ್ನು ನುಣ್ಣಗೆ ಪುಡಿ ಮಾಡಿ, ಲೋಹದ ಮೇಲೆ ಹರಡಿ, ಕುಲುಮೆಯಲ್ಲಿ ಕಾಯಿಸಿದಾಗ ಆ ಪುಡಿಯು ಕರಗಿ ಲೋಹಕ್ಕೆ ಅಂಟಿಕೊಂಡು ಗಟ್ಟಿಯಾದ, ಹೊಳಪುಳ್ಳ ಪದರವಾಗುತ್ತದೆ. ಹೀಗೆ ಕರಗಲು ಸಾಮಾನ್ಯವಾಗಿ 750ರಿಂದ 850 ಡಿಗ್ರಿ ಸೆಲ್ಸಿಯಸ್ ಉಷ್ಣ ಬೇಕಾಗುತ್ತದೆ. ಕೆಲವು ದಶಕಗಳ ಹಿಂದಿನವರೆಗೂ ಮನೆಮನೆಗಳಲ್ಲಿ ಬಳಕೆಯಲ್ಲಿದ್ದ, ನೀಲಿ ಅಂಚಿನ ಬಿಳಿಯ ತಟ್ಟೆ ಮತ್ತು ಮಗ್ಗುಗಳನ್ನು ಹಿರಿಯರು ಬಲ್ಲರು. ಕೆಳಗೆ ಬಿದ್ದರೆ ಅವುಗಳ ಬಿಳಿಯ ಪದರವು ಚಕ್ಕೆಯಾಗಿ ಹಾರಿ, ಒಳಗಿನ ಕಬ್ಬಿಣವು ಕಪ್ಪು ಮಚ್ಚೆಯಂತೆ ಕಾಣಿಸುತ್ತಿತ್ತು. ಚಕ್ಕೆ ಏಳುವ ಆ ಗುಣವೇ ಎನಾಮೆಲ್‌ನ ಸರಳ ಗುರುತು. ಅದು ಗಾಜಾದುದರಿಂದ ಗಾಜಿನಂತೆಯೇ ಒಡೆಯುತ್ತದೆ.

ಮಧ್ಯಯುಗದಲ್ಲಿ ಈ ಕಲೆಯು ಉಚ್ಛ್ರಾಯ ಸ್ಥಿತಿಯನ್ನು ತಲುಪಿದ್ದು ಹೊರದೇಶಗಳಲ್ಲಿ. ಬೈಜಾಂಟಿಯಂ ಸಾಮ್ರಾಜ್ಯದಲ್ಲಿ ಚಿನ್ನದ ತಗಡಿನ ಮೇಲೆ ಸಣ್ಣ ಚಿನ್ನದ ಪಟ್ಟಿಗಳಿಂದ ಮನೆಗಳನ್ನು ಕಟ್ಟಿ, ಪ್ರತಿ ಮನೆಯೊಳಗೂ ಬೇರೆ ಬೇರೆ ಬಣ್ಣದ ಗಾಜಿನ ಪುಡಿಯನ್ನು ತುಂಬಿ ಕಾಯಿಸುತ್ತಿದ್ದರು. ಫ್ರಾನ್ಸ್‌ನ ಲಿಮೋಜ್ ಪಟ್ಟಣದ ಕುಶಲಕರ್ಮಿಗಳು 12 ಮತ್ತು 13ನೇ ಶತಮಾನಗಳಲ್ಲಿ ತಾಮ್ರದ ತಗಡನ್ನು ಉಳಿಯಿಂದ ಕೊರೆದು, ಆ ಗುಳಿಗಳಲ್ಲಿ ಗಾಜನ್ನು ತುಂಬುವ ವಿಧಾನಕ್ಕೆ ಹೆಸರಾಗಿದ್ದರು. ಭಾರತದಲ್ಲಿ ಮೊಗಲರ ಆಸ್ಥಾನದ ಆಶ್ರಯದಲ್ಲಿ, ಚಿನ್ನ ಬೆಳ್ಳಿಗಳ ಮೇಲೆ ಈ ಕಲೆಯು ಬೆಳೆದು ಮೀನಾಕಾರಿ ಎಂಬ ಹೆಸರನ್ನು ಪಡೆಯಿತು. ರಾಜಸ್ಥಾನದ ಜೈಪುರವು ಇಂದಿಗೂ ಅದರ ಮುಖ್ಯ ಕೇಂದ್ರ. ಒಡವೆಯ ಮುಂಭಾಗದಲ್ಲಿ ಹರಳು, ಹಿಂಭಾಗದಲ್ಲಿ ಕೆಂಪು ಹಸಿರು ಮೀನಾ ಇರುವ ಹಾರಗಳು ಈ ಜಿಲ್ಲೆಯ ಸರಾಫ ಅಂಗಡಿಗಳಲ್ಲಿಯೂ ದೊರೆಯುತ್ತವೆ.

ಬೀದರ್‌ನಲ್ಲಿ ಗಾಜಿನ ಬಣ್ಣ ಮತ್ತು ಸತುವಿನ ಪಾತ್ರೆ

ಗಾಜಿನ ಬಣ್ಣಗಳ ಪರಿಚಯ ಬೀದರ್ ನಗರಕ್ಕೆ ಇರಲಿಲ್ಲವೆಂದು ತಿಳಿಯಲಾಗದು. ಬಹಮನಿ ಸುಲ್ತಾನರು 15ನೇ ಶತಮಾನದ ಪೂರ್ವಾರ್ಧದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ವರ್ಗಾಯಿಸಿದ ಮೇಲೆ ಇರಾನ್ ದೇಶದ ವಿದ್ವಾಂಸರು, ವ್ಯಾಪಾರಿಗಳು, ಕುಶಲಕರ್ಮಿಗಳು ಇಲ್ಲಿಗೆ ಬಂದು ನೆಲೆಸಿದರು. 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸಾದ ಗೋಡೆಗಳಲ್ಲಿ ನೀಲಿ, ಹಳದಿ, ಬಿಳಿ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಆ ಹೆಂಚುಗಳ ಹೊಳಪು ಸಹ ಗಾಜಿನದೇ. ಮಣ್ಣಿನ ಮೇಲೆ ಗಾಜು ಕರಗಿಸಿದರೆ ಮೆರುಗಿನ ಹೆಂಚು, ಲೋಹದ ಮೇಲೆ ಕರಗಿಸಿದರೆ ಎನಾಮೆಲ್. ಇಷ್ಟು ಸಮೀಪದ ವಿದ್ಯೆಯು ಅದೇ ಊರಿನಲ್ಲಿದ್ದಾಗಲೂ ಬಿದರಿ ಪಾತ್ರೆಯ ಮೇಲೆ ಗಾಜಿನ ಬಣ್ಣ ಏಕೆ ಬರಲಿಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಅದಕ್ಕೆ ಉತ್ತರವು ಲೋಹದಲ್ಲಿಯೇ ಇದೆ. ಬಿದರಿ ಪಾತ್ರೆಯ ಮೂಲ ವಸ್ತುವು ಸತು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಬೆರೆಸಿ ಈ ಮಿಶ್ರಲೋಹವನ್ನು ಸಿದ್ಧಪಡಿಸಲಾಗುತ್ತದೆ. ಚಿನ್ನವು 1064 ಡಿಗ್ರಿ, ತಾಮ್ರವು 1085 ಡಿಗ್ರಿ, ಬೆಳ್ಳಿಯು 962 ಡಿಗ್ರಿ ಉಷ್ಣದಲ್ಲಿ ಕರಗಿದರೆ, ಸತುವು ಸುಮಾರು 420 ಡಿಗ್ರಿಯಲ್ಲಿಯೇ ಕರಗಿ ನೀರಾಗುತ್ತದೆ. ಎನಾಮೆಲ್ ಪುಡಿ ಕರಗುವಷ್ಟು ಕಾವನ್ನು ಕೊಟ್ಟರೆ ಗಾಜಿಗೆ ಮುಂಚೆ ಪಾತ್ರೆಯೇ ಇಲ್ಲವಾಗುತ್ತದೆ. ಆದುದರಿಂದ ಸತುವಿನ ಪಾತ್ರೆಗೆ ಬಣ್ಣ ಬರಬೇಕಾದರೆ ಕುಲುಮೆಯ ಹೊರಗೆ ಬೇರೊಂದು ದಾರಿ ಬೇಕಾಗಿತ್ತು. ಬೀದರ್‌ನ ಕುಶಲಕರ್ಮಿಗಳು ಆ ದಾರಿಯನ್ನು ಮಣ್ಣಿನಲ್ಲಿ ಕಂಡುಕೊಂಡರು.

ಸತುವನ್ನು ಅದಿರಿನಿಂದ ಬೇರ್ಪಡಿಸುವುದೂ ಸುಲಭವಾಗಿರಲಿಲ್ಲ. ಅದಿರನ್ನು ಕಾಯಿಸಿದಾಗ ಸತುವು 907 ಡಿಗ್ರಿಯಲ್ಲಿ ಆವಿಯಾಗಿ ಹೊಗೆಯೊಡನೆ ಹಾರಿಹೋಗುತ್ತದೆ. ಆ ಆವಿಯನ್ನು ಹಿಡಿದು ತಣಿಸುವ ಭಟ್ಟಿ ವಿಧಾನವು ರಾಜಸ್ಥಾನದ ಜಾವರ್ ಗಣಿಗಳಲ್ಲಿ ಮಧ್ಯಯುಗದಲ್ಲಿಯೇ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತೆಂಬುದಕ್ಕೆ ಅಲ್ಲಿನ ಉತ್ಖನನಗಳಲ್ಲಿ ಸಾಲುಸಾಲು ಭಟ್ಟಿಗಳು ದೊರೆತಿವೆ. ಯುರೋಪಿನಲ್ಲಿ ಇದೇ ಕೆಲಸವು ಕೈಗೂಡಿದ್ದು 18ನೇ ಶತಮಾನದಲ್ಲಿ, ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ನನ ಪ್ರಯತ್ನದಿಂದ. ಯುರೋಪಿನ ಕುಲುಮೆಗಳಿಗೆ ಸತುವು ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ದಖ್ಖನಿನಲ್ಲಿ ಅದರಿಂದ ಹುಕ್ಕಾ ಬುಡಗಳನ್ನು ಎರಕ ಹೊಯ್ಯಲಾಗುತ್ತಿತ್ತು ಎಂಬುದು ಗಮನಾರ್ಹ.

ಈ ಕಲೆಯನ್ನು ಇರಾನಿನಿಂದ ಬಂದ ಕುಶಲಕರ್ಮಿಯೊಬ್ಬನು ಬಹಮನಿಯರ ಕಾಲದಲ್ಲಿ ಇಲ್ಲಿ ಆರಂಭಿಸಿದನೆಂಬ ಐತಿಹ್ಯವು ಬೀದರ್‌ನಲ್ಲಿ ಪ್ರಚಲಿತವಾಗಿದೆ. ಇಂದು ಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಬಿದರಿ ವಸ್ತುಗಳಾದರೋ ಹೆಚ್ಚಾಗಿ 17ನೇ ಶತಮಾನ ಮತ್ತು ಅನಂತರದವು. ಲೋಹದಲ್ಲಿ ಗೆರೆ ಕೊರೆದು ಬೆಳ್ಳಿ ತುಂಬುವ ವಿದ್ಯೆಯು ಪಶ್ಚಿಮ ಏಷ್ಯಾದಲ್ಲಿ ಅದಕ್ಕಿಂತ ಬಹಳ ಹಳೆಯದು. ಇರಾಕಿನ ಮೊಸುಲ್‌ನಲ್ಲಿ 1232ರಲ್ಲಿ ತಯಾರಾದ, ಬೆಳ್ಳಿ ತುಂಬಿದ ಹಿತ್ತಾಳೆಯ ಹೂಜಿಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗೆರೆ ಮತ್ತು ಬೆಳ್ಳಿಯ ವಿದ್ಯೆ ಹೊರಗಿನಿಂದ ಬಂದಿರಬಹುದು. ಸತು ಮತ್ತು ಕಪ್ಪಿನ ವಿದ್ಯೆ ಮಾತ್ರ ಭಾರತದ್ದೇ.

ಬೀದರ್‌ಗೂ ಹುನಗುಂದ ಭಾಗಕ್ಕೂ ಇರುವ ಸಂಬಂಧವು ಇಂದಿನ ಜಿಲ್ಲಾ ಗಡಿಗಳನ್ನು ನೋಡಿದರೆ ತೋರುವುದಿಲ್ಲ. ಬಹಮನಿ ರಾಜ್ಯವು ಒಡೆದ ಮೇಲೆ ಬೀದರ್‌ನಲ್ಲಿ ಬರೀದ್ ಶಾಹಿಗಳೂ, ಬಿಜಾಪುರದಲ್ಲಿ ಆದಿಲ್ ಶಾಹಿಗಳೂ ಆಳಿದರು. 1619ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಹನು ಬೀದರ್ ರಾಜ್ಯವನ್ನು ಬಿಜಾಪುರಕ್ಕೆ ಸೇರಿಸಿಕೊಂಡನು. ಅಂದಿನಿಂದ 1657ರಲ್ಲಿ ಔರಂಗಜೇಬನು ಬೀದರ್ ಕೋಟೆಯನ್ನು ಗೆಲ್ಲುವವರೆಗೆ, ಬೀದರ್ ನಗರವೂ ಬಿಜಾಪುರದ ನೆರೆಯ ಈ ಪ್ರದೇಶವೂ ಒಂದೇ ದೊರೆತನಕ್ಕೆ ಒಳಪಟ್ಟಿದ್ದವು. ಅನಂತರ ಬೀದರ್ ಪ್ರದೇಶವು ಹೈದರಾಬಾದ್ ನಿಜಾಮರ ರಾಜ್ಯಕ್ಕೂ, ಹುನಗುಂದವು ಬ್ರಿಟಿಷರ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೂ ಸೇರಿ ಬೇರೆಯಾದವು. ಅವು ಮತ್ತೆ ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. ದೇಸಾಯಿ, ನಾಡಗೌಡ, ಜಾಗೀರದಾರ ಮನೆತನಗಳ ವಸ್ತುಗಳಲ್ಲಿ ಬಿದರಿ ಪಾತ್ರೆ ಕಂಡುಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಬಿದರಿ ವಸ್ತು ತಯಾರಾಗುವ ಬಗೆ

ಮೊದಲಿಗೆ ಮಣ್ಣು, ಹರಳೆಣ್ಣೆ ಮತ್ತು ರಾಳವನ್ನು ಕಲಸಿ ಅಚ್ಚನ್ನು ಸಿದ್ಧಪಡಿಸಲಾಗುತ್ತದೆ. ಕರಗಿದ ಸತು ಮತ್ತು ತಾಮ್ರದ ಮಿಶ್ರಣವನ್ನು ಅದರೊಳಗೆ ಹೊಯ್ದು ತಣಿಸಿದಾಗ ಬೂದು ಬಣ್ಣದ, ಒರಟಾದ ಪಾತ್ರೆ ಹೊರಬರುತ್ತದೆ. ಅದನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಬೂದು ಬಣ್ಣದ ಲೋಹದ ಮೇಲೆ ಗೀಚಿದ ಗೆರೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಮೈಲುತುತ್ತದ ದ್ರಾವಣವನ್ನು ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಲಾಗುತ್ತದೆ. ಈ ಕಪ್ಪು ಕೊನೆಯವರೆಗೆ ಉಳಿಯುವುದಲ್ಲ. ಹಲಗೆಯ ಮೇಲೆ ಬಳಪ ಕಾಣಲೆಂದು ಮಸಿ ಬಳಿದಂತೆ ಇದು.

ಚಿತ್ತಾರವನ್ನು ಚೂಪಾದ ಕಡ್ಡಿಯಿಂದ ಕೈಯಳತೆಯಲ್ಲಿಯೇ ಬರೆಯಲಾಗುತ್ತದೆ. ಬಳಿಕ ಸಣ್ಣ ಉಳಿಗಳಿಂದ ಆ ಗೆರೆಗಳನ್ನು ಕೊರೆಯುತ್ತಾರೆ. ಕೊರೆದ ಗಾಡಿಯೊಳಗೆ ಶುದ್ಧ ಬೆಳ್ಳಿಯ ತಂತಿಯನ್ನಾಗಲಿ, ಹೂವು ಎಲೆಗಳ ಆಕಾರಕ್ಕೆ ಕತ್ತರಿಸಿದ ತಗಡನ್ನಾಗಲಿ ಇಟ್ಟು ಸುತ್ತಿಗೆಯಿಂದ ಹದವಾಗಿ ಬಡಿದು ಕೂರಿಸಲಾಗುತ್ತದೆ. ಇಲ್ಲಿ ಅಂಟಾಗಲಿ, ಬೆಸುಗೆಯಾಗಲಿ ಇರುವುದಿಲ್ಲ. ಮೆತ್ತನೆಯ ಬೆಳ್ಳಿಯು ಗಾಡಿಯ ಅಂಚುಗಳೊಳಗೆ ಹರಡಿ ಸಿಕ್ಕಿಕೊಂಡು ತಾನಾಗಿಯೇ ನಿಲ್ಲುತ್ತದೆ. ಗಾಡಿಯ ಆಳ ಎಲ್ಲೆಡೆ ಒಂದೇ ಸಮನಾಗಿರಬೇಕು. ಆಳ ಕಡಿಮೆಯಾದರೆ ತಂತಿ ಮೇಲೆದ್ದು ಬರುತ್ತದೆ, ಹೆಚ್ಚಾದರೆ ಬೆಳ್ಳಿ ಒಳಗೆ ಅಡಗಿ ಗೆರೆಯು ತುಂಡಾಗಿ ಕಾಣುತ್ತದೆ. ಬಿದರಿ ವಸ್ತುವಿನ ಬೆಲೆಯ ಬಹುಭಾಗವು ಈ ಕೊರೆಯುವ ಕೈಗೆ ಸಲ್ಲಬೇಕಾದುದು. ಆದರೆ ಬೆಳ್ಳಿಯ ಧಾರಣೆ ಏರಿದಂತೆಲ್ಲ ಕಚ್ಚಾ ಸಾಮಗ್ರಿಯೇ ಬೆಲೆಯನ್ನು ನುಂಗಿ, ಕುಶಲಕರ್ಮಿಯ ಪಾಲು ಕುಗ್ಗುತ್ತದೆ.

ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ, ತಗಡಿನ ಕೆಲಸಕ್ಕೆ ತಹ್‌ನಿಶಾನ್ ಎಂದೂ, ಬೆಳ್ಳಿಯು ಮೇಲ್ಮೈಗಿಂತ ಉಬ್ಬಿ ನಿಲ್ಲುವಂತೆ ಮಾಡಿದ್ದಕ್ಕೆ ಜರ್‌ಬುಲಂದ್ ಎಂದೂ ಹೆಸರು. ತಗಡಿನಲ್ಲಿ ಹೂವಿನ ಆಕಾರವನ್ನು ಕತ್ತರಿಸಿ ತೆಗೆದು, ಬೆಳ್ಳಿಯ ನಡುವೆ ಕಪ್ಪು ಹೂವು ಕಾಣುವಂತೆ ಮಾಡುವ ಬಗೆಯನ್ನು ಆಫ್ತಾಬಿ ಎನ್ನುತ್ತಾರೆ.

ಬೆಳ್ಳಿ ಕೂರಿಸಿದ ಮೇಲೆ ಮತ್ತೆ ಅರ, ಮರಳು ಕಾಗದ ಮತ್ತು ಚರಕಿಯಿಂದ ಉಜ್ಜಿ ಇಡೀ ಮೈಯನ್ನು ಒಂದೇ ಮಟ್ಟಕ್ಕೆ ತರಲಾಗುತ್ತದೆ. ಈ ಹಂತದಲ್ಲಿ ಮೈಲುತುತ್ತದ ಕಪ್ಪು ಸಂಪೂರ್ಣವಾಗಿ ಹೋಗಿರುತ್ತದೆ. ಬೂದು ಸತುವೂ ಬಿಳಿಯ ಬೆಳ್ಳಿಯೂ ಒಂದರೊಳಗೊಂದು ಬೆರೆತಂತಿದ್ದು ಚಿತ್ತಾರವೇ ಕಾಣುವುದಿಲ್ಲ. ಆಗ ಬರುವುದು ಕೊನೆಯ ಹಂತ. ಬೀದರ್ ಕೋಟೆಯ ಹಳೆಯ ಕಟ್ಟಡಗಳ ಒಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ, ಪಾತ್ರೆಯನ್ನು ಹದವಾಗಿ ಬಿಸಿ ಮಾಡಿ, ಆ ಕೆಸರನ್ನು ಅದರ ಮೇಲೆ ಉಜ್ಜುತ್ತಾರೆ. ಕ್ಷಣಗಳಲ್ಲಿ ಸತುವಿನ ಮೈ ಗಾಢ ಕಪ್ಪಾಗುತ್ತದೆ. ಬೆಳ್ಳಿಯ ಮೇಲೆ ಅದರ ಪರಿಣಾಮ ಆಗುವುದಿಲ್ಲ. ತೊಳೆದಾಗ, ಅದುವರೆಗೆ ಅಡಗಿದ್ದ ಚಿತ್ತಾರವೆಲ್ಲ ಬೆಳ್ಳಗೆ ಎದ್ದು ಕಾಣುತ್ತದೆ. ಕೊನೆಗೆ ಎಣ್ಣೆ ಸವರಿದರೆ ಕಪ್ಪು ಇನ್ನಷ್ಟು ಆಳವಾಗುತ್ತದೆ.

ಕೋಟೆಯ ಮಣ್ಣಿನಲ್ಲಿ ಸಹಜವಾಗಿ ಸೇರಿರುವ ಪೆಟ್ಲುಪ್ಪಿನಂತಹ ಲವಣಗಳೂ, ಮಿಶ್ರಲೋಹದಲ್ಲಿರುವ ಸ್ವಲ್ಪ ತಾಮ್ರವೂ ಸೇರಿ ಈ ಬಣ್ಣಕ್ಕೆ ಕಾರಣವಾಗುತ್ತವೆ. ಆ ತಾಮ್ರವಿಲ್ಲದಿದ್ದರೆ ಇಂತಹ ಕಪ್ಪು ಬರುವುದಿಲ್ಲ. ಯಾವ ಮಣ್ಣು ಕೆಲಸಕ್ಕೆ ಬರುತ್ತದೆಂಬುದನ್ನು ಅನುಭವಿ ಕುಶಲಕರ್ಮಿಗಳು ನಾಲಿಗೆಗೆ ಸೋಕಿಸಿ ರುಚಿಯಿಂದಲೇ ನಿರ್ಧರಿಸುತ್ತಾರೆ. ಕಪ್ಪು ಪದರವು ಅತ್ಯಂತ ತೆಳುವಾದುದು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದು ಪಾತ್ರೆಯ ಮೈಯೇ ಬದಲಾದ ರೂಪವಾದುದರಿಂದ ಚಕ್ಕೆಯಾಗಿ ಏಳುವುದಿಲ್ಲ, ಆದರೆ ಹುಳಿಗೆ ಕರಗುತ್ತದೆ.

ಬೆಳಗಬಾರದು

ಯುಗಾದಿ, ದೀಪಾವಳಿಗಳಿಗೆ ಮುನ್ನ ಮನೆಯ ತಾಮ್ರ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹೊರಗಿಟ್ಟು ಹುಣಸೆಹಣ್ಣು, ಉಪ್ಪು, ಬೂದಿಗಳಿಂದ ಬೆಳಗುವುದು ಈ ಭಾಗದ ರೂಢಿ. ತಾಮ್ರ ಹಿತ್ತಾಳೆಗಳಿಗೆ ಅದು ಸರಿ. ಬಿದರಿ ಪಾತ್ರೆಯನ್ನೂ ಆ ಸಾಲಿನಲ್ಲಿ ಇಟ್ಟರೆ, ಕಪ್ಪನ್ನು ಕಿಲುಬೆಂದು ಭಾವಿಸಿ ಅದು ಹೋಗುವವರೆಗೂ ಉಜ್ಜುವ ಸಂಭವವೇ ಹೆಚ್ಚು. ಹಾಗೆ ಮಾಡಿದಲ್ಲಿ ಹೋಗುವುದು ಕೊಳೆಯಲ್ಲ, ಕಲಾಕೃತಿಯ ಅರ್ಧಭಾಗ. ನಿಂಬೆ, ಮಜ್ಜಿಗೆ, ಸೋಪಿನ ಪುಡಿ, ಅಂಗಡಿಯಲ್ಲಿ ದೊರೆಯುವ ಪಾತ್ರೆ ಬೆಳಗುವ ಪುಡಿ ಮತ್ತು ದ್ರವಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮೃದುವಾದ ಒಣ ಬಟ್ಟೆಯಿಂದ ಧೂಳನ್ನು ಒರೆಸುವುದಷ್ಟೇ ಸಾಕು. ಹೊಸದಾಗಿ ಕೊಂಡ ವಸ್ತುವಾಗಿದ್ದಲ್ಲಿ ವರ್ಷಕ್ಕೊಂದೆರಡು ಬಾರಿ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ತೆಳುವಾಗಿ ಸವರಿ, ಉಳಿದ ಎಣ್ಣೆಯನ್ನು ಒರೆಸಿ ತೆಗೆಯಬಹುದು. ಹಳೆಯ ವಸ್ತುವಾಗಿದ್ದಲ್ಲಿ ಅದನ್ನೂ ಮಾಡದೆ ತಜ್ಞರ ಸಲಹೆ ಪಡೆಯುವುದು ಒಳ್ಳೆಯದು. ಬಿಳಿಯ ಪುಡಿ ಕಾಣಿಸಿಕೊಂಡಲ್ಲಿ ಅದು ತೇವದಿಂದ ಸತುವು ಕೊರೆಯುತ್ತಿರುವ ಲಕ್ಷಣ. ವಸ್ತುವನ್ನು ಕೂಡಲೇ ಒಣ ಜಾಗಕ್ಕೆ ಸ್ಥಳಾಂತರಿಸಬೇಕು. ಸತುವಿನ ಎರಕವು ಗಡುಸಾದುದರಿಂದ ಬಿದ್ದರೆ ಹಿತ್ತಾಳೆಯಂತೆ ತಗ್ಗು ಬೀಳುವುದಿಲ್ಲ, ಸೀಳುತ್ತದೆ. ಹುಳಿ ಪದಾರ್ಥಗಳನ್ನಾಗಲಿ, ಕುಡಿಯುವ ನೀರನ್ನಾಗಲಿ ಇದರಲ್ಲಿ ಇಡತಕ್ಕದ್ದಲ್ಲ.

ಕಪ್ಪು ಹೋಗಿರುವ ಹೊಸ ವಸ್ತುವಿಗೆ ಬೀದರ್‌ನ ಕುಶಲಕರ್ಮಿಗಳು ಮತ್ತೆ ಕಪ್ಪು ಬರಿಸಿಕೊಡಬಲ್ಲರು. ನೂರು ವರ್ಷ ಮೀರಿದ ವಸ್ತುವಿನ ವಿಷಯ ಬೇರೆ. ಅದರ ಮೂಲ ಮೇಲ್ಮೈಯೇ ಕಾಲವನ್ನು ಗುರುತಿಸಲು ಆಧಾರವಾಗಿರುವುದರಿಂದ, ಅದು ಇದ್ದ ಸ್ಥಿತಿಯಲ್ಲಿಯೇ ಛಾಯಾಚಿತ್ರ ತೆಗೆದಿಟ್ಟುಕೊಳ್ಳದೆ ಯಾವುದೇ ದುರಸ್ತಿಗೆ ಕೊಡಬಾರದು.

ಅಸಲಿ ವಸ್ತುವಿನ ಗುರುತು

ಇಳಕಲ್ ಸೀರೆಯನ್ನು ಕೊಳ್ಳುವವರು ಬಣ್ಣ ನೋಡಿ ಮೋಸ ಹೋಗುವುದಿಲ್ಲ. ಸೀರೆಯ ಒಡಲಿನ ಹಾಸು ಮತ್ತು ಸೆರಗಿನ ಹಾಸುಗಳನ್ನು ಕೊಂಡಿ ಹಾಕಿ ಜೋಡಿಸಿರುವ ಜಾಗವನ್ನು ಬಿಡಿಸಿ ನೋಡುತ್ತಾರೆ. ಬಿದರಿಯಲ್ಲಿಯೂ ನೋಡಬೇಕಾದ ಜಾಗವೆಂದರೆ ಎರಡು ಲೋಹಗಳು ಸೇರುವ ಅಂಚು. ಅಸಲಿ ಕೆಲಸದಲ್ಲಿ ಬೆಳ್ಳಿಯ ಗೆರೆಗೆ ದಪ್ಪವಿರುತ್ತದೆ, ಅಂಚು ಹರಿತವಾಗಿರುತ್ತದೆ, ಕಪ್ಪು ಅದರ ಮೇಲೆ ಹರಿದಿರುವುದಿಲ್ಲ. ಬಣ್ಣ ಬಳಿದ ನಕಲಿಯಲ್ಲಿ ಕಪ್ಪು ಅಂಚಿನಲ್ಲಿ ಗುಡ್ಡೆಯಾಗಿ ನಿಂತಿರುತ್ತದೆ, ಬಿಳಿಯ ಗೆರೆಯು ಕೇವಲ ಮೇಲಿನ ಲೇಪವಾಗಿರುತ್ತದೆ. ಅಸಲಿ ಕಪ್ಪು ಮಂದವಾಗಿರುತ್ತದೆ, ಗಾಜಿನಂತೆ ಮಿಂಚುವುದಿಲ್ಲ. ಗಾತ್ರಕ್ಕೆ ತಕ್ಕಷ್ಟು ಭಾರವಿರುತ್ತದೆ. ಸತು, ತಾಮ್ರ, ಬೆಳ್ಳಿ ಯಾವುದೂ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ, ಅಯಸ್ಕಾಂತವು ಹಿಡಿದರೆ ಒಳಗೆ ಕಬ್ಬಿಣವಿದೆಯೆಂದೇ ತಿಳಿಯಬೇಕು. ಪಾತ್ರೆಯನ್ನು ಗೀಚಿ ಪರೀಕ್ಷಿಸುವುದು ಮಾತ್ರ ಸಲ್ಲದು.

ಹಳೆಯ ವಸ್ತುಗಳಲ್ಲಿ ಆಕಾರವೂ ಕಾಲದ ಸುಳಿವನ್ನು ನೀಡುತ್ತದೆ. ಚೆಂಡಿನಂತೆ ಗುಂಡಗಿರುವ ಹುಕ್ಕಾ ಬುಡಗಳು ಸಾಮಾನ್ಯವಾಗಿ 17ನೇ ಶತಮಾನಕ್ಕೂ, ಗಂಟೆಯ ಆಕಾರದವು 18ನೇ ಶತಮಾನ ಮತ್ತು ಅದರ ಈಚೆಗೂ ಸೇರುತ್ತವೆ. ಬೆಳ್ಳಿಯ ಜೊತೆಗೆ ಹಿತ್ತಾಳೆಯನ್ನೂ ಕೂರಿಸಿರುವುದು ಹಳೆಯ ಕೆಲಸಗಳಲ್ಲಿ ಕಂಡುಬರುತ್ತದೆ. ಗಸಗಸೆ ಹೂವಿನ ಗಿಡ, ಬಳ್ಳಿ, ನಕ್ಷತ್ರ, ನಾಣ್ಯದಂತಹ ಅಶ್ರಫಿ ಬೂಟಿಗಳು ಪದೇಪದೇ ಬರುವ ಚಿತ್ತಾರಗಳು. ಇಂತಹ ವಸ್ತುಗಳನ್ನು ಹೋಲಿಸಿ ನೋಡಬಯಸುವವರಿಗೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ದೊಡ್ಡ ಸಂಗ್ರಹವಿದೆ. ಲಖನೌ, ಬಿಹಾರದ ಪೂರ್ಣಿಯಾ ಮುಂತಾದ ಕಡೆಗಳಲ್ಲಿಯೂ ಹಿಂದೆ ಇದೇ ಬಗೆಯ ಕೆಲಸ ನಡೆಯುತ್ತಿದ್ದುದರಿಂದ, ಹಳೆಯ ಬಿದರಿ ವಸ್ತುವೆಲ್ಲ ಬೀದರ್‌ನಲ್ಲಿಯೇ ತಯಾರಾದದ್ದೆಂದು ಹೇಳಲಾಗದು.

ಹೊಸ ವಸ್ತುಗಳ ವಿಷಯದಲ್ಲಿ ಈ ಅನುಮಾನಕ್ಕೆ ಆಸ್ಪದವಿರಬಾರದೆಂದು 1999ರ ಸರಕುಗಳ ಭೌಗೋಳಿಕ ಸೂಚಕಗಳ (ನೋಂದಣಿ ಮತ್ತು ಸಂರಕ್ಷಣೆ) ಅಧಿನಿಯಮದ ಮೇರೆಗೆ ಬಿದರಿ ಕಲೆಯನ್ನು 2005-06ನೇ ಸಾಲಿನಲ್ಲಿ ನೋಂದಾಯಿಸಲಾಗಿದೆ. ಇಳಕಲ್ ಸೀರೆಗೂ ಇದೇ ಅಧಿನಿಯಮದ ರಕ್ಷಣೆ ದೊರೆತಿದೆ. ನೋಂದಣಿಯು ಹತ್ತು ವರ್ಷಗಳ ಅವಧಿಯದಾಗಿದ್ದು ನವೀಕರಣಕ್ಕೆ ಅವಕಾಶವಿರುತ್ತದೆ. ಆದರೆ ಕಲೆಯ ಹೆಸರು ನೋಂದಣಿಯಾದ ಮಾತ್ರಕ್ಕೆ ಪ್ರತಿಯೊಬ್ಬ ಕುಶಲಕರ್ಮಿಗೂ ಹಕ್ಕು ತಾನಾಗಿ ಬರುವುದಿಲ್ಲ. ಅಧಿಕೃತ ಬಳಕೆದಾರನೆಂದು ಅವನು ಚೆನ್ನೈನಲ್ಲಿರುವ ಭೌಗೋಳಿಕ ಸೂಚಕಗಳ ನೋಂದಣಿ ಕಛೇರಿಯಲ್ಲಿ ಪ್ರತ್ಯೇಕವಾಗಿ ಹೆಸರು ದಾಖಲಿಸಿಕೊಳ್ಳಬೇಕು. 2020ರ ನಿಯಮ ತಿದ್ದುಪಡಿಯಿಂದ ಈ ಕ್ರಮವನ್ನು ಸರಳಗೊಳಿಸಿ ಶುಲ್ಕವನ್ನು ತಗ್ಗಿಸಲಾಗಿದೆ. ಇದರೊಡನೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಛೇರಿಯು 2016ರಿಂದ ನೀಡುತ್ತಿರುವ ಪೆಹಚಾನ್ ಗುರುತಿನ ಚೀಟಿಯನ್ನೂ ಕುಶಲಕರ್ಮಿಗಳು ಪಡೆದುಕೊಳ್ಳುವುದು ಸೂಕ್ತ. 2023ರಲ್ಲಿ ಬೀದರ್‌ನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಹಳೆಯ ವಸ್ತುಗಳಿಗೆ ಅನ್ವಯಿಸುವ ಕಾನೂನು

ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮ, 1972 ದಿನಾಂಕ 5-4-1976ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದಷ್ಟು ಹಳೆಯದಾದ, ಕಲೆ ಅಥವಾ ಕುಶಲತೆಯ ವಸ್ತುವು ಪುರಾವಸ್ತುವೆನಿಸುತ್ತದೆ. ಮೀನಾ ಕೆಲಸದ ಪೆಟ್ಟಿಗೆಯಾಗಲಿ, ಬಿದರಿ ಹುಕ್ಕಾ ಬುಡವಾಗಲಿ ಈ ಅರ್ಥದೊಳಗೆ ಬರುತ್ತದೆ.

ಸಾರ್ವಜನಿಕರಲ್ಲಿ ಸಾಮಾನ್ಯವಾಗಿ ಇರುವ ಭಯವೆಂದರೆ, ಇಂತಹ ವಸ್ತು ಮನೆಯಲ್ಲಿದೆ ಎಂದು ತಿಳಿಸಿದರೆ ಸರ್ಕಾರ ಅದನ್ನು ತೆಗೆದುಕೊಂಡು ಹೋಗುತ್ತದೆ ಎಂಬುದು. ಪಿತ್ರಾರ್ಜಿತವಾಗಿ ಬಂದ ಪುರಾವಸ್ತುವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ, ನೋಂದಣಿಯಿಂದ ಒಡೆತನ ಹೋಗುವುದೂ ಇಲ್ಲ. ಕಳುವಾದ ಸಂದರ್ಭದಲ್ಲಿ ಛಾಯಾಚಿತ್ರ ಸಹಿತವಾದ ದಾಖಲೆಯೇ ವಸ್ತುವನ್ನು ಮರಳಿ ಪಡೆಯಲು ದೊಡ್ಡ ಆಧಾರ. ಕಡ್ಡಾಯ ನೋಂದಣಿಗೆಂದು ಅಧಿಸೂಚಿಸಿರುವ ವರ್ಗಗಳು ಶಿಲ್ಪಗಳು, ವರ್ಣಚಿತ್ರಗಳು, ಚಿತ್ರಗಳುಳ್ಳ ಹಸ್ತಪ್ರತಿಗಳು ಮತ್ತು ಕೆತ್ತನೆಯ ಮರದ ವಸ್ತುಗಳನ್ನು ಒಳಗೊಂಡಿವೆ. ಲೋಹದ ಮೂರ್ತಿಗಳು ಇದರಲ್ಲಿ ಸೇರುತ್ತವೆ. ಪಾತ್ರೆ ಪಗಡಗಳನ್ನು ಹೆಸರಿಸಿಲ್ಲ. ಮೂರ್ತಿಯೋ ಪಾತ್ರೆಯೋ ಎಂಬ ಸಂದೇಹವಿರುವ ವಸ್ತುಗಳ ಬಗ್ಗೆ ನೋಂದಣಾಧಿಕಾರಿಗಳಿಂದ ಖಚಿತಪಡಿಸಿಕೊಳ್ಳುವುದು.

ನೋಂದಣಿ ಬೇಕಿಲ್ಲವೆಂದ ಮಾತ್ರಕ್ಕೆ ವಸ್ತುವನ್ನು ಹೊರದೇಶಕ್ಕೆ ಒಯ್ಯಬಹುದೆಂದು ಭಾವಿಸಬಾರದು. ಪುರಾವಸ್ತುವನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ. ಉಲ್ಲಂಘಿಸಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಅಜ್ಜನ ಕಾಲದ ಹೂಜಿಯನ್ನು ಪ್ರೀತಿಯಿಂದ ಕೊಟ್ಟು ಕಳುಹಿಸಿದರೂ ಕಾನೂನಿನ ದೃಷ್ಟಿಯಲ್ಲಿ ಅದು ರಫ್ತೇ ಆಗುತ್ತದೆ. ಪುರಾವಸ್ತುಗಳ ವ್ಯಾಪಾರ ನಡೆಸಲು ಪರವಾನಗಿ ಅಗತ್ಯ. ಊರೂರು ಸುತ್ತಿ ಹಳೆಯ ಪಾತ್ರೆಗಳನ್ನು ತೂಕದ ಲೆಕ್ಕದಲ್ಲಿ ಕೊಳ್ಳುವವರಿಗೆ ಇಂತಹ ವಸ್ತುಗಳನ್ನು ಕೊಡುವ ಮುನ್ನ ಯೋಚಿಸಬೇಕು. ಸತುವಿನ ತೂಕಕ್ಕೆ ಸಿಗುವ ಹಣ ಅತ್ಯಲ್ಪ, ಒಮ್ಮೆ ಕುಲುಮೆಗೆ ಹೋದ ಕೆಲಸ ಮತ್ತೆ ಸಿಗುವುದಿಲ್ಲ.

ಹೊಸ ಬಿದರಿ ವಸ್ತುಗಳು ಹಳೆಯ ಮಾದರಿಯಲ್ಲಿಯೇ ತಯಾರಾಗುವುದರಿಂದ ವಿಮಾನ ನಿಲ್ದಾಣದ ಸುಂಕ ತಪಾಸಣೆಯಲ್ಲಿ ಪುರಾವಸ್ತುವೆಂಬ ಸಂದೇಹಕ್ಕೆ ಒಳಗಾಗಬಹುದು. ಇದಕ್ಕಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ, ವಸ್ತುವು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಪಡೆಯಲು ಅವಕಾಶವಿದೆ. ಪ್ರಯಾಣದ ದಿನ ಹತ್ತಿರ ಬಂದಾಗ ಅರ್ಜಿ ಸಲ್ಲಿಸದೆ, ವಸ್ತುವಿನ ಪರಿಶೀಲನೆಗೆ ಸಾಕಷ್ಟು ಕಾಲವಿರುವಂತೆ ಮುಂಚಿತವಾಗಿ ಸಲ್ಲಿಸುವುದು. ಮಾರಾಟ ಮಳಿಗೆಯ ರಸೀದಿಯನ್ನು ಕಾಯ್ದಿರಿಸಿಕೊಂಡಿದ್ದರೆ ಅನುಕೂಲವಾಗುತ್ತದೆ.

ಅರ್ಜಿಯಲ್ಲಿ ವಸ್ತುವಿನ ವಿವರಣೆಯ ಅಂಕಣವನ್ನು ತುಂಬುವಾಗ ಕೇವಲ ಹಳೆಯ ಕಪ್ಪು ಪಾತ್ರೆ ಅಥವಾ ಎನಾಮೆಲ್ ಪಾತ್ರೆ ಎಂದು ಬರೆಯಬಾರದು. ವಸ್ತು ಯಾವುದು, ಮೂಲ ಲೋಹ ಯಾವುದು, ಅಲಂಕಾರವು ಗಾಜಿನ ಪದರವೋ ಕೂರಿಸಿದ ಬೆಳ್ಳಿಯೋ, ಎತ್ತರ ಮತ್ತು ಸುತ್ತಳತೆ ಎಷ್ಟು, ತೂಕ ಎಷ್ಟು, ಬಿರುಕು ಅಥವಾ ತಂತಿ ಕಿತ್ತುಹೋದ ಜಾಗಗಳು ಎಲ್ಲಿವೆ, ಬರಹವೇನಾದರೂ ಇದೆಯೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಉದಾಹರಣೆಗೆ: "ಬಿದರಿ ಹುಕ್ಕಾ ಬುಡ, ಗಂಟೆಯ ಆಕಾರ, ಸತುವಿನ ಮಿಶ್ರಲೋಹ, ಬೆಳ್ಳಿ ತಂತಿ ಮತ್ತು ತಗಡಿನ ಕೆಲಸ, ಗಸಗಸೆ ಗಿಡದ ಚಿತ್ತಾರ, ಕುತ್ತಿಗೆಯ ಬಳಿ ಬಿರುಕು." ಛಾಯಾಚಿತ್ರಗಳನ್ನು ಹಗಲಿನ ಬೆಳಕಿನಲ್ಲಿ, ಎಲ್ಲ ಬದಿಗಳಿಂದ ಹಾಗೂ ತಳಭಾಗವೂ ಕಾಣುವಂತೆ ತೆಗೆಯಬೇಕು. ಛಾಯಾಚಿತ್ರಕ್ಕಾಗಿ ಪಾತ್ರೆಯನ್ನು ತೊಳೆಯಬಾರದು.

ಮನೆಯ ತಳಪಾಯ ತೋಡುವಾಗ ಅಥವಾ ಹೊಲ ಉಳುವಾಗ ನೆಲದಲ್ಲಿ ದೊರೆಯುವ ವಸ್ತುಗಳಿಗೆ ಕರ್ನಾಟಕ ನಿಧಿ ನಿಕ್ಷೇಪ ಅಧಿನಿಯಮ, 1962 ಅನ್ವಯಿಸುತ್ತದೆ. ಐಹೊಳೆ, ಬಾದಾಮಿ, ಕೂಡಲಸಂಗಮದಂತಹ ಪ್ರಾಚೀನ ನೆಲೆಗಳಿರುವ ಈ ಜಿಲ್ಲೆಯಲ್ಲಿ ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು. ಹೀಗೆ ದೊರೆತ ವಸ್ತುವನ್ನು ಹಂಚಿಕೊಳ್ಳದೆ, ಕರಗಿಸದೆ, ಅಂಟಿದ ಮಣ್ಣನ್ನೂ ತೆಗೆಯದೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ತಕ್ಷಣಕ್ಕೆ ತಹಶೀಲ್ದಾರರ ಕಛೇರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಮಾಹಿತಿ ನೀಡಬಹುದು. ದೊರೆತ ಸ್ಥಳ, ಆಳ ಮತ್ತು ಜೊತೆಗಿದ್ದ ಇತರ ವಸ್ತುಗಳ ವಿವರವನ್ನು ಅದೇ ದಿನ ಬರೆದಿಟ್ಟುಕೊಳ್ಳುವುದು.